ಪಾದರಕ್ಷೆ ಹೊಲಿದ ಕೈ ಕಟ್ಟಿದ ವಿದ್ಯಾಲಯ: ಸೆರಾಂಪುರದ ವಿಲಿಯಂ ಕೇರಿ

ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಾಗಲಿ, ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಾಗಲಿ ದೈವಶಾಸ್ತ್ರ ಓದಿ ಸಭಾಪಾಲಕರಾಗಿ ಹೊರಬರುವ ತರುಣ ತರುಣಿಯರ ಪದವಿ ಪತ್ರದ ಮೇಲೆ ಬೆಂಗಳೂರಿನ ಹೆಸರಾಗಲಿ ಮಂಗಳೂರಿನ ಹೆಸರಾಗಲಿ ಎದ್ದು ಕಾಣುವುದಿಲ್ಲ. ಅಲ್ಲಿರುವುದು ದೂರದ ಬಂಗಾಳದ ಒಂದು ಸಣ್ಣ ಪಟ್ಟಣದ ಹೆಸರು. ಕೋಲ್ಕತ್ತದಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಹೂಗ್ಲಿ ನದಿಯ ಪಶ್ಚಿಮ ದಂಡೆಯ ಮೇಲಿರುವ ಆ ಊರನ್ನು ಬಂಗಾಳಿಗಳು ಶ್ರೀರಾಮಪುರ ಎನ್ನುತ್ತಾರೆ. ಯುರೋಪಿಯನ್ನರ ನಾಲಿಗೆಯಲ್ಲಿ ಅದು ಸೆರಾಂಪುರವಾಯಿತು. ಪದವಿ ನೀಡುವ ಆ ಅಧಿಕಾರ ಇಂಗ್ಲೆಂಡಿನ ರಾಣಿಯಿಂದಾಗಲಿ, ದೆಹಲಿಯ ಸರ್ಕಾರದಿಂದಾಗಲಿ ಬಂದದ್ದಲ್ಲ. 1827ರಲ್ಲಿ ಡೆನ್ಮಾರ್ಕಿನ ದೊರೆಯೊಬ್ಬ ಕೊಟ್ಟ ಸನ್ನದು ಅದರ ಬೇರು. ಆ ಸನ್ನದಿಗೆ ಕಾರಣನಾದವನು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ, ಪಾದರಕ್ಷೆ ಹೊಲಿದು ಬದುಕಿದ ಒಬ್ಬ ಇಂಗ್ಲಿಷ್ ಗ್ರಾಮಸ್ಥ.

ವಿಲಿಯಂ ಕೇರಿ ಹುಟ್ಟಿದ್ದು 1761ರ ಆಗಸ್ಟ್ 17ರಂದು, ಇಂಗ್ಲೆಂಡಿನ ನಾರ್ಥಾಂಪ್ಟನ್ ಪ್ರಾಂತದ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ. ತಂದೆ ಎಡ್ಮಂಡ್ ಮೊದಲು ಮಗ್ಗದ ನೇಕಾರ. ಮುಂದೆ ಊರ ಶಾಲೆಯ ಉಪಾಧ್ಯಾಯ. ಬಾಲಕ ಕೇರಿಗೆ ಗಿಡಮರ, ಕೀಟ, ಹಕ್ಕಿಗಳ ಹುಚ್ಚು. ಹೊಲಗದ್ದೆಯ ಕೂಲಿಗೆ ಹೋದರೆ ಬಿಸಿಲಿಗೆ ಚರ್ಮ ಕೆರಳುತ್ತಿದ್ದುದರಿಂದ, 14ನೆಯ ವಯಸ್ಸಿನ ಹೊತ್ತಿಗೆ ಅವನನ್ನು ನೆರಳಿನಲ್ಲಿ ಕುಳಿತು ಮಾಡುವ ಕಸುಬಿಗೆ, ಅಂದರೆ ಪಕ್ಕದೂರಿನ ಜೋಡು ಹೊಲಿಯುವವನ ಕೈಕೆಳಗೆ ಸೇರಿಸಲಾಯಿತು. ಆ ಅಂಗಡಿಯಲ್ಲಿ ಸಿಕ್ಕ ಒಂದು ಪುಸ್ತಕದಲ್ಲಿ ಗ್ರೀಕ್ ಅಕ್ಷರಗಳಿದ್ದವು. ಅವು ಏನೆಂದು ತಿಳಿಯದೆ ಆತ ಸುಮ್ಮನಿರಲಾರದೆ ಹೋದ. ಅಲ್ಲಿಂದ ಆರಂಭವಾದ ಭಾಷೆಗಳ ಬೆನ್ನಟ್ಟುವಿಕೆ ಲ್ಯಾಟಿನ್, ಗ್ರೀಕ್, ಹೀಬ್ರೂ, ಡಚ್, ಫ್ರೆಂಚ್‌ಗಳನ್ನು ದಾಟಿ, ಕೊನೆಗೆ ನಮ್ಮ ಕನ್ನಡದವರೆಗೂ ಬಂದು ಮುಟ್ಟಿತು.

ಮುಂದೆ ಕೇರಿ ದೊಡ್ಡ ಹೆಸರಾದ ಮೇಲೆ ಗವರ್ನರ್ ಜನರಲ್ಲರ ಭೋಜನಕೂಟವೊಂದರಲ್ಲಿ ಸೇನಾಧಿಕಾರಿಯೊಬ್ಬ, ಈ ಪ್ರಾಧ್ಯಾಪಕರು ಹಿಂದೆ ಪಾದರಕ್ಷೆ ತಯಾರಿಸುತ್ತಿದ್ದರಲ್ಲವೇ ಎಂದು ಕೇಳಿಸುವಂತೆಯೇ ವಿಚಾರಿಸಿದನಂತೆ. ತಯಾರಿಸುವಷ್ಟು ಜಾಣ ತಾನಲ್ಲ, ಹರಿದ ಜೋಡನ್ನು ದುರಸ್ತಿ ಮಾಡುವವನಷ್ಟೇ ಎಂದು ಕೇರಿ ತಿದ್ದಿದರೆಂಬುದು ಅವರ ಜೀವನಚರಿತ್ರೆಗಳಲ್ಲೆಲ್ಲ ಬರುವ ಪ್ರಸಂಗ. ವಿನಯಕ್ಕೆ ಹೇಳಿದ ಮಾತಿರಬಹುದು, ಚುಚ್ಚುಮಾತೂ ಇರಬಹುದು.

1783ರಲ್ಲಿ ಕೇರಿ ನಾರ್ಥಾಂಪ್ಟನ್ನಿನ ನೆನ್ ನದಿಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದು ಬ್ಯಾಪ್ಟಿಸ್ಟ್ ಪಂಥ ಸೇರಿದರು. ಕೂಸಿನ ತಲೆಗೆ ನೀರು ಚಿಮುಕಿಸಿದ ಮಾತ್ರಕ್ಕೆ ಯಾರೂ ಕ್ರೈಸ್ತರಾಗುವುದಿಲ್ಲ, ಬುದ್ಧಿ ಬಲಿತವರು ತಾವೇ ನಂಬಿ ನೀರಿಗಿಳಿಯಬೇಕು ಎಂಬುದು ಈ ಪಂಥದ ಮೂಲ ನಿಲುವು. ಅಂದಿನ ಇಂಗ್ಲೆಂಡಿನಲ್ಲಿ ಈ ನಿಲುವಿಗೆ ತೆರಬೇಕಾದ ಬೆಲೆ ಇತ್ತು. ರಾಜಮನ್ನಣೆಯ ಚರ್ಚಿಗೆ ಸೇರದವರಿಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಬಾಗಿಲೇ ಮುಚ್ಚಿತ್ತು. ಕೇಂಬ್ರಿಜ್‌ನಲ್ಲಿ ಓದಬಹುದಿತ್ತಾದರೂ ಪದವಿ ಸಿಗುತ್ತಿರಲಿಲ್ಲ. ನಂಬಿಕೆಯ ಕಾರಣಕ್ಕೆ ವಿದ್ಯೆಯ ಹೊರಗೆ ನಿಲ್ಲುವುದೆಂದರೇನು ಎಂಬುದನ್ನು ಕೇರಿ ಹುಟ್ಟೂರಿನಲ್ಲೇ ಅರಿತಿದ್ದರು. ಮುಂದಿನ ಕಥೆಯನ್ನು ಓದುವಾಗ ಈ ಸಂಗತಿ ನೆನಪಿನಲ್ಲಿರಬೇಕು.

ಮೋಲ್ಟನ್ ಎಂಬ ಹಳ್ಳಿಯಲ್ಲಿ ಅವರು ಹಗಲು ಮಕ್ಕಳಿಗೆ ಪಾಠ ಹೇಳಿದರು, ರಾತ್ರಿ ಜೋಡು ಹೊಲಿದರು, ಭಾನುವಾರ ಸಭೆಯಲ್ಲಿ ಬೋಧಿಸಿದರು. ಭೂಗೋಳ ಕಲಿಸಲು ಚರ್ಮದ ತುಂಡುಗಳಿಂದಲೇ ಗೋಲವೊಂದನ್ನು ಹೊಲಿದಿದ್ದರು. ಕ್ಯಾಪ್ಟನ್ ಕುಕ್‌ನ ಸಮುದ್ರಯಾನದ ವೃತ್ತಾಂತಗಳನ್ನು ಓದಿ, ಗೋಡೆಯ ನಕ್ಷೆಯ ಮೇಲೆ ಒಂದೊಂದು ದೇಶದ ಜನಸಂಖ್ಯೆ, ಧರ್ಮ, ಜೀವನಕ್ರಮಗಳನ್ನು ಬರೆದಿಡುತ್ತಿದ್ದರು. ಈ ಲೆಕ್ಕಾಚಾರವೇ 1792ರಲ್ಲಿ ಪುಸ್ತಕವಾಯಿತು. ದೂರದೇಶಗಳಿಗೆ ಸುವಾರ್ತೆಯನ್ನು ಒಯ್ಯುವುದು ಕ್ರೈಸ್ತರ ಇಂದಿನ ಕರ್ತವ್ಯವೇ ಹೊರತು ಅಪೊಸ್ತಲರ ಕಾಲಕ್ಕೆ ಮುಗಿದುಹೋದ ಮಾತಲ್ಲ ಎಂಬುದು ಅದರ ವಾದ. ಅದೇ ವರ್ಷದ ಅಕ್ಟೋಬರ್ 2ರಂದು ಕೆಟರಿಂಗ್ ಊರಿನ ವಿಧವೆಯೊಬ್ಬರ ಮನೆಯ ಹಿಂಬದಿಯ ಕೋಣೆಯಲ್ಲಿ ಬೆರಳೆಣಿಕೆಯ ಸಭಾಪಾಲಕರು ಸೇರಿ ಬ್ಯಾಪ್ಟಿಸ್ಟ್ ಮಿಷನರಿ ಸಂಘವನ್ನು ಸ್ಥಾಪಿಸಿದರು. ಅಂದು ವಾಗ್ದಾನವಾದ ಒಟ್ಟು ಹಣ 13 ಪೌಂಡ್ 2 ಷಿಲ್ಲಿಂಗ್ 6 ಪೆನ್ಸ್. ಆಂಡ್ರ್ಯೂ ಫುಲ್ಲರ್ ಕಾರ್ಯದರ್ಶಿಯಾದರು; ಕೇರಿ ಹೊರಡಲು ಸಿದ್ಧರಾದರು.

ಹೊರಡಲು ಸಿದ್ಧರಿಲ್ಲದವರೊಬ್ಬರಿದ್ದರು. ಅವರು ಪತ್ನಿ ಡೊರೊಥಿ. 1781ರಲ್ಲಿ ಮದುವೆಯಾದಾಗ ಕೇರಿಗೆ ಇನ್ನೂ 20 ತುಂಬಿರಲಿಲ್ಲ, ಡೊರೊಥಿಗೆ 25. ಓದುಬರಹ ತಿಳಿಯದ ಆಕೆ ವಿವಾಹದ ದಾಖಲೆಯಲ್ಲಿ ಅಡ್ಡಗೀಟಿನ ಗುರುತು ಹಾಕಿದ್ದರು. ಹುಟ್ಟೂರಿನಿಂದ ಹೆಚ್ಚು ದೂರ ಹೋಗದ, ಇಬ್ಬರು ಹೆಣ್ಣುಕೂಸುಗಳನ್ನು ಆಗಲೇ ಮಣ್ಣಿಗೆ ಕೊಟ್ಟಿದ್ದ, ಮತ್ತೆ ತುಂಬು ಗರ್ಭಿಣಿಯಾಗಿದ್ದ ಹೆಂಗಸು ಹಿಂದೂಸ್ಥಾನಕ್ಕೆ ಬರಲೊಲ್ಲೆ ಎಂದರೆ ಅದರಲ್ಲಿ ಆಶ್ಚರ್ಯವೇನಿದೆ? ಕೇರಿ ಹಿರಿಯ ಮಗ ಫೀಲಿಕ್ಸ್‌ನೊಬ್ಬನನ್ನೇ ಕರೆದುಕೊಂಡು ಹಡಗು ಹತ್ತಿದರು. ಆದರೆ ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಇಲ್ಲವೆಂದು ಅವರನ್ನು ಆ ಹಡಗಿನಿಂದ ಇಳಿಸಲಾಯಿತು. ಹಾಗೆ ತಡವಾದ ಅವಧಿಯಲ್ಲಿ ಮತ್ತೆ ಒತ್ತಾಯ ನಡೆದು, ತಂಗಿ ಕಿಟ್ಟಿ ಜತೆಗೆ ಬರುವುದಾದರೆ ತಾನೂ ಬರುವೆನೆಂದು ಬಾಣಂತಿ ಡೊರೊಥಿ ಒಪ್ಪಿದರು. 1793ರ ಜೂನ್ 13ರಂದು ಡ್ಯಾನಿಷ್ ಹಡಗೊಂದರಲ್ಲಿ ಹೊರಟ ಕುಟುಂಬ ನವೆಂಬರ್ 11ರಂದು ಕಲ್ಕತ್ತ ತಲಪಿತು. ಆ ನೆಲವನ್ನು ಮೆಟ್ಟಿದ ಮೇಲೆ ಕೇರಿ ಮತ್ತೆಂದೂ ಇಂಗ್ಲೆಂಡಿಗೆ ಮರಳಲಿಲ್ಲ.

ಮೊದಲ ತಿಂಗಳುಗಳು ದಾರುಣವಾಗಿದ್ದವು. ಜತೆಗಾರ ವೈದ್ಯ ಜಾನ್ ಥಾಮಸ್ ಹಳೆಯ ಸಾಲಗಾರ. ತಂದ ಹಣವೆಲ್ಲ ಕರಗಿತು. ಸುಂದರಬನದ ಅಂಚಿನಲ್ಲಿ ಕಾಡು ಕಡಿದು ಬೇಸಾಯ ಮಾಡುವ ಯತ್ನವೂ ನಡೆಯಿತು. 1794ರಲ್ಲಿ ಮಾಲ್ಡಾ ಸೀಮೆಯ ಮದನಾಬತಿ ಎಂಬಲ್ಲಿ ನೀಲಿ ತಯಾರಿಸುವ ಕಾರ್ಖಾನೆಯ ಮೇಲ್ವಿಚಾರಕನ ಕೆಲಸ ಸಿಕ್ಕಿ ಹೊಟ್ಟೆಪಾಡು ನಡೆಯುವಂತಾಯಿತು. ಅದೇ ವರ್ಷ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಡೊರೊಥಿ ಆ ಆಘಾತದಿಂದ ಚೇತರಿಸಿಕೊಳ್ಳಲಿಲ್ಲ. ಗಂಡನ ಮೇಲೆ ಇಲ್ಲದ ಸಂಶಯ, ಹಗಲಿರುಳು ಕೂಗಾಟ, ಕೆಲವೊಮ್ಮೆ ಹಲ್ಲೆ. ಕೊನೆಗೆ ಕೋಣೆಯೊಳಗಿಟ್ಟು ಕಾಯಬೇಕಾದ ಸ್ಥಿತಿ. 1807ರ ಡಿಸೆಂಬರಿನಲ್ಲಿ ಸಾಯುವವರೆಗೆ ಆಕೆ ಹಾಗೆಯೇ ಇದ್ದರು. ಪಕ್ಕದ ಕೋಣೆಯಲ್ಲಿ ಕೇರಿ ಪಂಡಿತರೊಡನೆ ಕುಳಿತು ಬೈಬಲ್ ಅನುವಾದಿಸುತ್ತಿದ್ದರು. ಕೇರಿಯ ಸ್ಥೈರ್ಯಕ್ಕೆ ಇದನ್ನು ನಿದರ್ಶನವಾಗಿ ಕೊಡುವ ಗ್ರಂಥಗಳು ಬಹಳ. ಆ ಸ್ಥೈರ್ಯದ ವೆಚ್ಚವನ್ನು ತೆತ್ತವರು ಯಾರೆಂದು ಕೇಳುವ ಬರಹಗಳು ತೀರ ಈಚಿನವು.

ಏಳು ವರ್ಷ ದುಡಿದರೂ ಒಬ್ಬ ಬಂಗಾಳಿಯೂ ಕ್ರೈಸ್ತನಾಗಿರಲಿಲ್ಲ. ಆದರೆ ಮುನ್ಷಿ ರಾಮರಾಮ ಬಸು ಅವರಿಂದ ಕೇರಿ ಬಂಗಾಳಿಯನ್ನೂ, ಬಳಿಕ ಸಂಸ್ಕೃತವನ್ನೂ ಕಲಿತಿದ್ದರು. 1799ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಿಂದ ಹೊಸ ತಂಡ ಬಂತು. ಅದರಲ್ಲಿ ಶಾಲಾ ಉಪಾಧ್ಯಾಯ ಜೋಶುವಾ ಮಾರ್ಷ್‌ಮನ್, ಅವರ ಪತ್ನಿ ಹನ್ನಾ, ಮುದ್ರಕ ವಿಲಿಯಂ ವಾರ್ಡ್ ಇದ್ದರು. ಕಂಪನಿ ಸರ್ಕಾರಕ್ಕೆ ಮಿಷನರಿಗಳೆಂದರೆ ಆಗದು. ಧರ್ಮದ ಮಾತೆತ್ತಿ ಪ್ರಜೆಗಳನ್ನು ಕೆರಳಿಸಿದರೆ ವ್ಯಾಪಾರ ಕೆಟ್ಟೀತೆಂಬ ಭಯ. ಆದ್ದರಿಂದ ತಂಡ ಕಂಪನಿಯ ಆಳ್ವಿಕೆಯ ಹೊರಗಿದ್ದ, ಡೆನ್ಮಾರ್ಕಿನ ವಸಾಹತಾಗಿದ್ದ ಸೆರಾಂಪುರದಲ್ಲಿ ಇಳಿಯಿತು. ಅಲ್ಲಿಯ ಗವರ್ನರ್ ಓಲೆ ಬೀ ಅವರನ್ನು ಆದರದಿಂದ ಕಂಡರು. 1800ರ ಜನವರಿ 10ರಂದು ಕೇರಿಯೂ ಸಂಸಾರಸಮೇತ ಅಲ್ಲಿಗೆ ಬಂದು ಸೇರಿದರು. ಮುಂದಿನ 34 ವರ್ಷ ಅದೇ ಊರು.

ಮೂವರೂ ಒಂದೇ ಸೂರಿನಡಿ, ಒಂದೇ ಪಂಕ್ತಿಯಲ್ಲಿ ಬದುಕಿದರು. ಗಳಿಸಿದ್ದೆಲ್ಲ ಸಮೂಹದ ಬೊಕ್ಕಸಕ್ಕೆ. ತಾಯಿಯ ಆರೈಕೆ ಕಾಣದೆ ಹೇಗೆಂದರೆ ಹಾಗೆ ಬೆಳೆಯುತ್ತಿದ್ದ ಕೇರಿಯ ಮಕ್ಕಳನ್ನು ಹನ್ನಾ ಮಾರ್ಷ್‌ಮನ್ ತಿದ್ದಿ ಬೆಳೆಸಿದರು. ಮಾರ್ಷ್‌ಮನ್ ದಂಪತಿ ನಡೆಸಿದ ವಸತಿ ಶಾಲೆಗಳ ಆದಾಯ, ವಾರ್ಡ್ ಮುದ್ರಣಾಲಯದ ಆದಾಯ, ಇವುಗಳಿಂದ ಸಂಸಾರವೂ ಮಿಷನ್ನೂ ಸಾಗಿದವು. 1800ರ ಡಿಸೆಂಬರ್ 28ರಂದು ಕೃಷ್ಣಪಾಲ ಎಂಬ ಬಡಗಿ ಹೂಗ್ಲಿಯಲ್ಲಿ ದೀಕ್ಷಾಸ್ನಾನ ಪಡೆದ. ಕೀಲು ತಪ್ಪಿದ್ದ ಅವನ ತೋಳನ್ನು ಥಾಮಸ್ ಸರಿಪಡಿಸಿದ್ದೇ ಪರಿಚಯಕ್ಕೆ ಕಾರಣ. 1801ರ ಮಾರ್ಚಿನಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಅಚ್ಚಾಯಿತು. ಅದರ ಅಕ್ಷರಗಳ ಹಿಂದೆ ಇದ್ದದ್ದು ಪಂಚಾನನ ಕರ್ಮಕಾರ ಎಂಬ ಕಮ್ಮಾರನ ಕೈಚಳಕ. ಉಕ್ಕಿನ ತುದಿಯಲ್ಲಿ ಅಕ್ಷರ ಕೊರೆಯುವ ವಿದ್ಯೆಯನ್ನು ಅವನಿಂದ ಕಲಿತ ಅಳಿಯ ಮನೋಹರ ಮುಂದೆ ದಶಕಗಳ ಕಾಲ ಏಷ್ಯಾದ ಅನೇಕ ಲಿಪಿಗಳಿಗೆ ಅಚ್ಚುಮೊಳೆ ಸಿದ್ಧಪಡಿಸಿದ.

ಅದೇ 1801ರಲ್ಲಿ ಕಥೆ ವಿಚಿತ್ರ ತಿರುವು ಪಡೆಯಿತು. ಕಂಪನಿಯ ತರುಣ ಅಧಿಕಾರಿಗಳಿಗೆ ದೇಶಭಾಷೆ ಕಲಿಸಲು ಕಲ್ಕತ್ತದಲ್ಲಿ ಆರಂಭವಾಗಿದ್ದ ಫೋರ್ಟ್ ವಿಲಿಯಂ ಕಾಲೇಜಿಗೆ ಬಂಗಾಳಿ ಬಲ್ಲ ಯುರೋಪಿಯನ್ ಬೇಕಾಗಿದ್ದ. ಯಾರನ್ನು ತನ್ನ ನೆಲದಲ್ಲಿ ಬಿಟ್ಟುಕೊಳ್ಳಲು ಕಂಪನಿ ಒಪ್ಪಿರಲಿಲ್ಲವೋ ಅವರನ್ನೇ ತಿಂಗಳಿಗೆ 500 ರೂಪಾಯಿ ಸಂಬಳಕ್ಕೆ ಕರೆಯಿತು. ಸಂಸ್ಕೃತ, ಮರಾಠಿಗಳ ಪಾಠವೂ ಕೂಡಿ ಮುಂದೆ ಸಂಬಳ 1,000 ರೂಪಾಯಿಗೆ ಏರಿತು. ಕುಟುಂಬದ ಅಲ್ಪ ವೆಚ್ಚ ಕಳೆದು ಉಳಿದದ್ದೆಲ್ಲ ಸೆರಾಂಪುರದ ಬೊಕ್ಕಸಕ್ಕೇ ಹೋಯಿತು. ವಾರದ ಕೆಲವು ದಿನ ಕಲ್ಕತ್ತ, ಉಳಿದ ದಿನ ಸೆರಾಂಪುರ. ನಡುವೆ ದೋಣಿಯ ಪ್ರಯಾಣ. ಮೂರು ದಶಕ ನಡೆದ ದಿನಚರಿಯಿದು.

ಕಾಲೇಜಿನಲ್ಲಿ ಮೃತ್ಯುಂಜಯ ವಿದ್ಯಾಲಂಕಾರರಂಥ ದೊಡ್ಡ ವಿದ್ವಾಂಸರ ಒಡನಾಟ, ನಾಡಿನ ನಾನಾ ಮೂಲೆಗಳ ಪಂಡಿತರ ಸಂಪರ್ಕ ಸಿಕ್ಕಿತು. ಇದರ ಬಲದಿಂದ ಬೈಬಲ್ಲನ್ನು ಇಡಿಯಾಗಿಯೋ ಭಾಗಶಃವೋ ಸುಮಾರು 40 ಭಾಷೆಗಳಲ್ಲಿ ಸೆರಾಂಪುರ ಮುದ್ರಿಸಿತು. ಕೃತ್ತಿವಾಸನ ರಾಮಾಯಣ, ಕಾಶೀರಾಮ ದಾಸನ ಮಹಾಭಾರತಗಳೂ ಬಂಗಾಳಿಯಲ್ಲಿ ಮೊದಲು ಅಚ್ಚು ಕಂಡದ್ದು ಅಲ್ಲಿಯೇ. ಅನುವಾದಗಳ ಗುಣದ ಬಗ್ಗೆ ಮಾತ್ರ ಹೊಗಳಿಕೆಗೆ ಮಿತಿಯಿರಬೇಕು. ಕೇರಿಗೆ ಸ್ವತಃ ಚೆನ್ನಾಗಿ ತಿಳಿದಿದ್ದ ಭಾಷೆಗಳು ಕೆಲವೇ. ಉಳಿದವನ್ನು ಪಂಡಿತರು ಸಂಸ್ಕೃತ ಅಥವಾ ಬಂಗಾಳಿ ಪಾಠವನ್ನು ಮುಂದಿಟ್ಟುಕೊಂಡು ಸಿದ್ಧಪಡಿಸುತ್ತಿದ್ದರು. ಒಂದು ಕೋಣೆಯಲ್ಲಿ ಕುಳಿತು ಒಂದು ಉಪಖಂಡದ ಭಾಷೆಗಳನ್ನೆಲ್ಲ ಬರೆದು ಮುಗಿಸುವ ಆತುರದಲ್ಲಿ ಹುಟ್ಟಿದ ಬಹಳಷ್ಟು ಪಾಠಗಳು ಒಂದೆರಡು ತಲೆಮಾರಿನಲ್ಲೇ ಬಳಕೆ ತಪ್ಪಿದವು. ಆದರೆ ಆ ನೆಪದಲ್ಲಿ ರಚನೆಯಾದ ವ್ಯಾಕರಣಗಳು, ನಿಘಂಟುಗಳು, ಎರಕ ಹೊಯ್ದ ಲಿಪಿಗಳು ಉಳಿದವು.

ಕನ್ನಡದ ಪಾಲು ಬರುವುದು ಇಲ್ಲಿ. 1812ರ ಮಾರ್ಚ್ 11ರ ಸಂಜೆ ಸೆರಾಂಪುರದ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕೇರಿ ಅಂದು ಕಲ್ಕತ್ತದಲ್ಲಿದ್ದರು. ವಾರ್ಡ್ ಮತ್ತು ಸಂಗಡಿಗರು ಕಿಟಕಿ ಬಾಗಿಲು ಮುಚ್ಚಿಸಿ, ನೀರು ಸುರಿಸಿ ಗಂಟೆಗಟ್ಟಲೆ ಹೆಣಗಿದರೂ ರಾತ್ರಿಯ ಹೊತ್ತಿಗೆ ಇಡೀ ಕಟ್ಟಡ ಉರಿದು ಕುಸಿಯಿತು. ಕಾಗದದ ದಾಸ್ತಾನು, ಹತ್ತಾರು ಲಿಪಿಗಳ ಅಚ್ಚುಮೊಳೆಗಳು ಹೋದವು. ಎಲ್ಲಕ್ಕಿಂತ ಮಿಗಿಲಾಗಿ ಮತ್ತೆ ಕೊಂಡು ತರಲಾಗದ ಹಸ್ತಪ್ರತಿಗಳು ಹೋದವು. ಸಂಸ್ಕೃತ ಮೂಲದ ಭಾಷೆಗಳ ಬೃಹತ್ ನಿಘಂಟಿನ ಸಾಮಗ್ರಿ, ತೆಲುಗು ವ್ಯಾಕರಣ, ಪಂಜಾಬಿ ವ್ಯಾಕರಣದ ಬಹುಭಾಗ ಮತ್ತು ಕನ್ನಡ ಹೊಸ ಒಡಂಬಡಿಕೆಯ ಅನುವಾದ ಸಂಪೂರ್ಣವಾಗಿ ಬೂದಿಯಾಯಿತು. ಮರುದಿನ ಮಾರ್ಷ್‌ಮನ್ ಕಲ್ಕತ್ತಕ್ಕೆ ಹೋಗಿ ಸುದ್ದಿ ಮುಟ್ಟಿಸಿದಾಗ ಕೇರಿಗೆ ಮಾತೇ ಹೊರಡಲಿಲ್ಲ.

ಅಕ್ಷರದ ಮೂಲ ಪಡಿಯಚ್ಚುಗಳೂ ಮುದ್ರಣ ಯಂತ್ರಗಳೂ ಉಳಿದುಕೊಂಡಿದ್ದವು. ಕರಗಿ ಹೆಪ್ಪುಗಟ್ಟಿದ ಸೀಸವನ್ನು ಬೂದಿಯಿಂದ ಬಗೆದು ತೆಗೆದು ಮತ್ತೆ ಎರಕ ಹೊಯ್ಯಲಾಯಿತು. ಹಗಲು ರಾತ್ರಿ ಪಾಳಿಯಲ್ಲಿ ಕೆಲಸ ಸಾಗಿ ಕೆಲವೇ ತಿಂಗಳಲ್ಲಿ ಯಂತ್ರಗಳು ಮತ್ತೆ ತಿರುಗಿದವು. ಸುಮಾರು 10,000 ಪೌಂಡುಗಳ ನಷ್ಟವನ್ನು ಬ್ರಿಟನ್ನಿನ ಸಭೆಗಳು ಚಂದಾ ಎತ್ತಿ ತುಂಬಿಕೊಟ್ಟವು. ಕೇರಿ ಸುಟ್ಟುಹೋದ ಅನುವಾದಗಳನ್ನು ಮೊದಲಿನಿಂದ ಕೈಗೆತ್ತಿಕೊಂಡರು. 1814ರಲ್ಲಿ ತೆಲುಗು ವ್ಯಾಕರಣ ಹೊರಬಂದರೆ, 1817ರಲ್ಲಿ ಅವರ ಕರ್ನಾಟ ಭಾಷೆಯ ವ್ಯಾಕರಣ ಪ್ರಕಟವಾಯಿತು. ಇಂಗ್ಲಿಷಿನಲ್ಲಿ ವಿವರಣೆ, ಉದಾಹರಣೆಗಳು ಕನ್ನಡ ಲಿಪಿಯಲ್ಲಿ. ಕನ್ನಡ ಅಕ್ಷರಗಳು ಅಚ್ಚಿನಲ್ಲಿ ಕಾಣಿಸಿಕೊಂಡ ಅತಿ ಹಳೆಯ ಪುಸ್ತಕಗಳಲ್ಲಿ ಇದೊಂದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಕಾಲಿಡುವುದಕ್ಕೆ ಇನ್ನೂ 17 ವರ್ಷ ಬಾಕಿಯಿದ್ದಾಗ, ಕನ್ನಡ ನಾಡನ್ನು ಕಣ್ಣಿನಿಂದಲೂ ಕಾಣದ ಒಬ್ಬಾತ ಹೂಗ್ಲಿ ತೀರದಲ್ಲಿ ಕುಳಿತು ಕನ್ನಡದ ವಿಭಕ್ತಿಗಳನ್ನು ಜೋಡಿಸುತ್ತಿದ್ದ. 1820ರ ದಶಕದ ಆರಂಭದಲ್ಲಿ ಸೆರಾಂಪುರದ ಕನ್ನಡ ಹೊಸ ಒಡಂಬಡಿಕೆಯೂ ಬಂತು. ಆದರೆ ಬಳ್ಳಾರಿಯಲ್ಲಿ 1810ರಿಂದ ನೆಲೆಸಿ, ಜನರ ನಡುವೆ ಬದುಕಿ ಅನುವಾದಿಸುತ್ತಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಪಾಠವೇ ಇಲ್ಲಿ ಬೇರೂರಿತು. ಕಿಟೆಲ್‌ರನ್ನು ಮನೆಮಾತಾಗಿಸಿಕೊಂಡ ನಾವು ಕೇರಿಯನ್ನು ಮರೆತದ್ದಕ್ಕೆ ಇದೂ ಒಂದು ಕಾರಣವಿದ್ದೀತು.

ಇಷ್ಟೆಲ್ಲ ಆದರೂ ಕೇರಿಯ ಮನಸ್ಸಿನಲ್ಲಿ ಒಂದು ಚಿಂತೆ ಉಳಿದಿತ್ತು. ಯುರೋಪಿಯನ್ನರು ಎಷ್ಟು ಮಂದಿ ಬಂದರೂ, ಎಷ್ಟು ದಿನ ಬದುಕಿದರೂ ಈ ದೇಶಕ್ಕೆ ಸುವಾರ್ತೆ ಹೇಳುವವರು ಈ ದೇಶದವರೇ ಆಗಬೇಕೆಂದು ಅವರು ಮೊದಲಿನಿಂದ ನಂಬಿದ್ದರು. ಹಾಗೆ ಹೇಳುವವನು ತನ್ನ ನೆಲದ ಶಾಸ್ತ್ರ, ಸಾಹಿತ್ಯಗಳನ್ನು ಅರಿಯದ ಪರದೇಶಿಯಂತಿರಬಾರದೆಂಬುದೂ ಅವರ ನಂಬಿಕೆ. 1818ರ ಜುಲೈ 15ರಂದು ಮೂವರೂ ಸೇರಿ ಹೊರಡಿಸಿದ ವಿಜ್ಞಾಪನೆಯಲ್ಲಿ ಏಷ್ಯಾದ ಕ್ರೈಸ್ತರಿಗೂ ಇತರ ಯುವಕರಿಗೂ ಪೂರ್ವದೇಶದ ಸಾಹಿತ್ಯವನ್ನು, ಯುರೋಪಿನ ವಿಜ್ಞಾನವನ್ನು ಕಲಿಸುವ ಕಾಲೇಜಿನ ಯೋಜನೆಯಿತ್ತು. ಆ ಇತರರು ಎಂಬ ಮಾತಿನಲ್ಲೇ ಹೊಸತನವೆಲ್ಲ ಅಡಗಿದೆ. ಬೋಧಕರನ್ನು ಮಾತ್ರ ತಯಾರಿಸುವ ಸೆಮಿನರಿ ಅದಾಗಿರಲಿಲ್ಲ. ಮೊದಲು ಸೇರಿದ 37 ವಿದ್ಯಾರ್ಥಿಗಳಲ್ಲಿ ಕ್ರೈಸ್ತರು 19. ಉಳಿದವರಲ್ಲಿ ಹೆಚ್ಚಿನವರು ಹಿಂದೂಗಳು. ದೈವಶಾಸ್ತ್ರದ ಜತೆಗೆ ಸಂಸ್ಕೃತ, ಖಗೋಳ, ರಸಾಯನ ಶಾಸ್ತ್ರಗಳ ಪಾಠ. ಕಲಿಕೆಯ ತಳಹದಿ ದೇಶಭಾಷೆ. ಇಂಗ್ಲಿಷ್ ಅದರ ಮೇಲಿನ ಅಂತಸ್ತು. 1821ರಲ್ಲಿ ಬಂದ ಸ್ಕಾಟ್ಲೆಂಡಿನ ಜಾನ್ ಮ್ಯಾಕ್ ವಿಜ್ಞಾನ ಕಲಿಸಿದರು. 1834ರಲ್ಲಿ ಅವರ ರಸಾಯನ ಶಾಸ್ತ್ರದ ಬಂಗಾಳಿ ಪುಸ್ತಕವೂ ಪ್ರಕಟವಾಯಿತು.

ಈ ಕಲ್ಪನೆಗೆ ವಿರೋಧ ಬಂದದ್ದು ಪಂಡಿತರಿಂದಲ್ಲ, ಸ್ವಂತ ಪಂಥದವರಿಂದ. ಬಡ ಭಕ್ತರು ಸುವಾರ್ತೆಗೆಂದು ಕೊಟ್ಟ ಕಾಸಿನಲ್ಲಿ ಕಂಬಗಳ ಭವನ ಕಟ್ಟಿ ಹಿಂದೂ ಹುಡುಗರಿಗೆ ಗ್ರಹಗತಿ ಕಲಿಸುವುದು ಯಾವ ನ್ಯಾಯ ಎಂದು ಇಂಗ್ಲೆಂಡಿನಲ್ಲಿ ಗೊಣಗಾಟ ಶುರುವಾಯಿತು. ಕಟ್ಟಡದ ವೆಚ್ಚದ ಬಹುಪಾಲನ್ನು ಮೂವರೂ ತಮ್ಮ ದುಡಿಮೆಯಿಂದಲೇ ಭರಿಸಿದ್ದರೆಂಬುದು ಗೊಣಗುವವರಿಗೆ ಮುಖ್ಯವಾಗಲಿಲ್ಲ. ಕಾಲೇಜಿಗಾಗಿ ನಿಧಿ ಸಂಗ್ರಹಿಸಲು ವಾರ್ಡ್ 1820ರಲ್ಲಿ ಅಮೆರಿಕಕ್ಕೆ ಹೋಗಿ ಸುಮಾರು 10,000 ಡಾಲರ್ ಕೂಡಿಸಿದರು. ಕೊಟ್ಟವರು ಒಂದು ಷರತ್ತು ಹಾಕಿದರು: ಈ ಹಣದಲ್ಲಿ ದೈವಶಾಸ್ತ್ರ ಮಾತ್ರ ಕಲಿಸಬೇಕು, ವಿಜ್ಞಾನ ಕಲಿಸಕೂಡದು. ಸಾಮಾನ್ಯವಾಗಿ ಸೌಮ್ಯ ಸ್ವಭಾವದವರಾದ ಕೇರಿ ಇದನ್ನು ಕೇಳಿ ಕೆರಳಿದರು. ಇಷ್ಟು ಸಂಕುಚಿತ ಮಾತನ್ನು ತಾವು ಕೇಳಿಯೇ ಇಲ್ಲವೆಂದು ಬರೆದು, ಅಮೆರಿಕದಲ್ಲಿ ಬೋಧಕರಾಗುವ ಹುಡುಗರನ್ನು ವಿಜ್ಞಾನದ ಗಂಧವಿಲ್ಲದೆ ತಯಾರಿಸುತ್ತಾರೆಯೇ ಎಂದು ಖಾರವಾಗಿ ಕೇಳಿದರು. ತಮ್ಮ ಮಕ್ಕಳಿಗೆ ಬೇಕೆನಿಸಿದ ವಿದ್ಯೆ ಬಂಗಾಳದ ಮಕ್ಕಳಿಗೆ ಬೇಡವೆನ್ನುವ ಆ ದಾನಬುದ್ಧಿಯ ಗುಟ್ಟನ್ನು ಅವರು ಸರಿಯಾಗಿಯೇ ಹಿಡಿದಿದ್ದರು.

ಇಂಗ್ಲಿಷ್ ದೊರೆತನ ತಮ್ಮಂಥವರಿಗೆ ಪದವಿ ನೀಡುವ ಅಧಿಕಾರ ಕೊಡುವುದೆಂಬ ಭ್ರಮೆ ಮೂವರಿಗೂ ಇರಲಿಲ್ಲ. ಆದರೆ ಅವರಿದ್ದದ್ದು ಡೆನ್ಮಾರ್ಕಿನ ನೆಲ. ಮಾರ್ಷ್‌ಮನ್ ಕೋಪನ್‌ಹೇಗನ್ನಿಗೆ ತೆರಳಿ ದೊರೆ ಆರನೆಯ ಫ್ರೆಡರಿಕ್‌ನನ್ನು ಕಂಡರು. 1827ರ ಫೆಬ್ರುವರಿ 23ರಂದು ಹೊರಟ ರಾಜಸನ್ನದು ಸೆರಾಂಪುರ ಕಾಲೇಜಿಗೆ ಯುರೋಪಿನ ವಿಶ್ವವಿದ್ಯಾಲಯಗಳಂತೆ ಪದವಿ ನೀಡುವ ಹಕ್ಕನ್ನು ಕೊಟ್ಟಿತು. ಕಲ್ಕತ್ತ, ಮುಂಬಯಿ, ಮದರಾಸು ವಿಶ್ವವಿದ್ಯಾಲಯಗಳು ಹುಟ್ಟುವುದಕ್ಕೆ ಇನ್ನೂ 30 ವರ್ಷವಿತ್ತು. 1833ರಲ್ಲಿ ರೂಪಿಸಿದ ನಿಯಮಾವಳಿಯಲ್ಲಿ ಜಾತಿ, ಬಣ್ಣ, ದೇಶ ಯಾವುದೂ ಪ್ರವೇಶಕ್ಕೆ ಅಡ್ಡಿಯಾಗದೆಂದು ಬರೆದರು. ಆಕ್ಸ್‌ಫರ್ಡಿನ ಬಾಗಿಲಿನಿಂದ ಹೊರಗೆ ನಿಲ್ಲಬೇಕಾಗಿದ್ದ ಪಂಥದವರು ಬರೆದ ನಿಯಮವಿದು. ಡೆನ್ಮಾರ್ಕಿನ ದೊರೆ ಕೊಡುಗೆಯಾಗಿ ಕೊಟ್ಟ ಕಬ್ಬಿಣದ ಮಹಾಸೋಪಾನ ಈಗಲೂ ಕಾಲೇಜಿನ ಮುಖ್ಯ ಕಟ್ಟಡದಲ್ಲಿದೆ.

ಅದೇ 1827ರಲ್ಲಿ ಲಂಡನ್ನಿನ ಸಂಘದೊಡನೆ ಸೆರಾಂಪುರದ ನಂಟು ಕಡಿಯಿತು. ಆಸ್ತಿ ಯಾರ ಹೆಸರಿನಲ್ಲಿರಬೇಕು, ಲೆಕ್ಕ ಯಾರಿಗೆ ಒಪ್ಪಿಸಬೇಕು ಎಂಬ ಜಗಳ ವರ್ಷಗಳಿಂದ ಹೊಗೆಯಾಡುತ್ತಿತ್ತು. ಹೊಸದಾಗಿ ಬಂದ ತರುಣ ಮಿಷನರಿಗಳು ಹಿರಿಯರೊಡನೆ ಹೊಂದಲಾರದೆ ಕಲ್ಕತ್ತದಲ್ಲಿ ಬೇರೆ ಬಿಡಾರ ಹೂಡಿದ್ದರು. ಅವರಲ್ಲಿ ಕೇರಿಯ ಸ್ವಂತ ಸೋದರನ ಮಗನೂ ಇದ್ದ. ವಾರ್ಡ್ 1823ರಲ್ಲೇ ಕಾಲರಾಕ್ಕೆ ಬಲಿಯಾಗಿದ್ದರು. ಉಳಿದ ಇಬ್ಬರು ಮುದುಕರು ಕಾಲೇಜನ್ನು ಬೆನ್ನ ಮೇಲೆ ಹೊತ್ತರು.

ಕೇರಿಯ ಬದುಕಿನ ಎರಡು ಮುಖಗಳನ್ನು ಇಲ್ಲಿ ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ. 1799ರಲ್ಲಿ ಕಣ್ಣಾರೆ ಕಂಡ ಸತಿ ಸಹಗಮನ ಅವರನ್ನು ಕಡೆಯವರೆಗೂ ಕಾಡಿತು. ಶಾಸ್ತ್ರದಲ್ಲಿ ಅದಕ್ಕೆ ಆಧಾರವೆಷ್ಟೆಂದು ಪಂಡಿತರಿಂದ ಕೆದಕಿ ತಿಳಿದು ಸರ್ಕಾರದ ಮುಂದಿಟ್ಟವರಲ್ಲಿ ಅವರೂ ಒಬ್ಬರು. 1829ರ ಡಿಸೆಂಬರ್ 4ರಂದು ಬೆಂಟಿಂಕ್ ನಿಷೇಧದ ಕಾಯ್ದೆಗೆ ಸಹಿ ಹಾಕಿದಾಗ ಬಂಗಾಳಿ ಅನುವಾದಕ್ಕೆ ಅದು ಕೇರಿಯ ಬಳಿಗೆ ಬಂತು. ಬಂದದ್ದು ಭಾನುವಾರ. ಬೋಧನೆಯನ್ನು ಬೇರೆಯವರಿಗೆ ವಹಿಸಿ, ತಡವಾದರೆ ಜೀವಗಳು ಹೋದಾವೆಂದು ಸಂಜೆಯೊಳಗೆ ಅನುವಾದ ಮುಗಿಸಿಕೊಟ್ಟರು. ಇನ್ನೊಂದು ಮುಖ ಸಸ್ಯಶಾಸ್ತ್ರದ್ದು. ಸೆರಾಂಪುರದಲ್ಲಿ ಅವರು ಬೆಳೆಸಿದ ಐದು ಎಕರೆಯ ತೋಟ ವಿದ್ವಾಂಸರಲ್ಲಿ ಹೆಸರಾಗಿತ್ತು. 1820ರಲ್ಲಿ ಭಾರತದ ಕೃಷಿ ಮತ್ತು ತೋಟಗಾರಿಕೆ ಸಂಘವನ್ನು ಸ್ಥಾಪಿಸಿದರು. ಗೆಳೆಯ ವಿಲಿಯಂ ರಾಕ್ಸ್‌ಬರೋ ಅವರ ಸಸ್ಯಗ್ರಂಥಗಳನ್ನು ಅಚ್ಚು ಮಾಡಿಸಿದರು. ನಮ್ಮ ಮಲೆನಾಡಿನ ಕಾಡುಗಳಲ್ಲಿ ಕವಲು ಅಥವಾ ಕೌಲು ಎಂದು ಕರೆಯುವ ಮರಕ್ಕೆ ಸಸ್ಯಶಾಸ್ತ್ರದಲ್ಲಿ ಕೇರಿಯಾ ಅರ್ಬೋರಿಯಾ ಎಂಬ ಹೆಸರಿದೆ. ಅದು ಈ ಸೆರಾಂಪುರದ ಕೇರಿಯ ಹೆಸರೇ.

ಕೊನೆಯ ವರ್ಷಗಳು ಸುಖದವಲ್ಲ. 1808ರಲ್ಲಿ ಮದುವೆಯಾದ ಡ್ಯಾನಿಷ್ ಮಹಿಳೆ ಷಾರ್ಲಟ್ ರೂಮೋರ್ ಅವರೊಡನೆ 13 ವರ್ಷ ನೆಮ್ಮದಿಯಾಗಿ ಬಾಳಿದ ಕೇರಿ, 1821ರಲ್ಲಿ ಅವರನ್ನು ಕಳೆದುಕೊಂಡರು. ಮರುವರ್ಷ ಹಿರಿಯ ಮಗ ಫೀಲಿಕ್ಸ್ ತೀರಿಕೊಂಡ. 1823ರಲ್ಲಿ ದೋಣಿಯಿಂದ ಇಳಿಯುವಾಗ ಜಾರಿಬಿದ್ದು ಸೊಂಟಕ್ಕೆ ಏಟಾಯಿತು. ಅದೇ ಹೊತ್ತಿಗೆ ನದಿ ಉಕ್ಕಿ ಮನೆಯನ್ನೂ ತೋಟವನ್ನೂ ಕೆಡವಿತು. ಮೂರನೆಯ ಪತ್ನಿ ಗ್ರೇಸ್ ಕೊನೆಗಾಲದವರೆಗೆ ಆರೈಕೆ ಮಾಡಿದರು. 1830ರಿಂದ ಕಲ್ಕತ್ತದ ದೊಡ್ಡ ವಾಣಿಜ್ಯ ಸಂಸ್ಥೆಗಳು ಒಂದರ ಹಿಂದೊಂದು ದಿವಾಳಿಯೆದ್ದವು. ಮಿಷನ್ನಿನ, ಕಾಲೇಜಿನ ಠೇವಣಿಗಳು ಅವುಗಳಲ್ಲಿ ಮುಳುಗಿದವು. ಫೋರ್ಟ್ ವಿಲಿಯಂ ಕಾಲೇಜಿನ ಪ್ರಾಧ್ಯಾಪಕ ಹುದ್ದೆಯೂ ಅದೇ ವರ್ಷ ರದ್ದಾಗಿ ಸಂಬಳದ ಬದಲು ನಿವೃತ್ತಿ ವೇತನ ಮಾತ್ರ ಉಳಿಯಿತು. ಹಾಸಿಗೆ ಹಿಡಿದ ಮೇಲೆ ಅವರಿಗೆ ಕಾಡಿದ ಚಿಂತೆಗಳಲ್ಲಿ ಒಂದು, ತಾನು ಹೋದ ಮೇಲೆ ಮಾರ್ಷ್‌ಮನ್ ದನಗಳನ್ನು ತೋಟಕ್ಕೆ ಬಿಟ್ಟುಬಿಟ್ಟಾರೆಂಬುದು! 1834ರ ಜೂನ್ 9ರಂದು ಕೇರಿ ಕಣ್ಣು ಮುಚ್ಚಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದಿಳಿದರು.

ಸನ್ನದು ಕೈಯಲ್ಲಿದ್ದರೂ ಸ್ಥಾಪಕರ ಜೀವಿತಕಾಲದಲ್ಲಿ ಒಂದು ಪದವಿಯನ್ನೂ ಕಾಲೇಜು ನೀಡಲಿಲ್ಲ. 1835ರಿಂದ ಸರ್ಕಾರದ ಹಣ ಮತ್ತು ಒಲವು ಇಂಗ್ಲಿಷ್ ಶಿಕ್ಷಣದ ಕಡೆಗೆ ಹರಿದು, ದೇಶಭಾಷೆಯ ಅಡಿಪಾಯದ ಮೇಲೆ ಉನ್ನತ ವಿದ್ಯೆ ಕಟ್ಟುವ ಸೆರಾಂಪುರದ ಹಾದಿ ಒಂಟಿಯಾಯಿತು. 1837ರಲ್ಲಿ ಮಾರ್ಷ್‌ಮನ್ ತೀರಿಕೊಂಡರು. 1845ರಲ್ಲಿ ಡೆನ್ಮಾರ್ಕ್ ಆ ಊರನ್ನು ಬ್ರಿಟಿಷರಿಗೆ ಮಾರಿತು. ಕಾಲೇಜಿನ ಹಕ್ಕುಗಳು ಮುಂದುವರಿಯುವಂತೆ ಒಪ್ಪಂದದಲ್ಲಿ ಸೇರಿಸಿದ್ದರಿಂದ ಸನ್ನದು ಬದುಕುಳಿಯಿತು. 1857ರಲ್ಲಿ ಕಾಲೇಜು ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಯಿತು. 1883ರಲ್ಲಿ ಬ್ಯಾಪ್ಟಿಸ್ಟ್ ಸಂಘ ಕಲಾ ವಿಭಾಗಗಳನ್ನು ಮುಚ್ಚಿ, ಬೋಧಕರ ತರಬೇತಿಗೆ ಮಾತ್ರ ಅದನ್ನು ಸೀಮಿತಗೊಳಿಸಿತು. ಕೇರಿ ಯಾವುದನ್ನು ಒಲ್ಲೆನೆಂದು ಜಗಳವಾಡಿದ್ದರೋ ಅದೇ ಆಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಾರ್ಜ್ ಹೊವೆಲ್ಸ್ ಎಂಬ ಪ್ರಾಂಶುಪಾಲರು ಪೆಟ್ಟಿಗೆಯಲ್ಲಿದ್ದ ಸನ್ನದನ್ನು ಮತ್ತೆ ಹೊರತೆಗೆದರು. 1910ರಲ್ಲಿ ದೈವಶಾಸ್ತ್ರ ವಿಭಾಗ ಬ್ಯಾಪ್ಟಿಸ್ಟರಿಗಷ್ಟೇ ಅಲ್ಲದೆ ಎಲ್ಲ ಪ್ರೊಟೆಸ್ಟೆಂಟ್ ಪಂಥಗಳಿಗೂ ತೆರೆಯಿತು. 1911ರಲ್ಲಿ ಕಲಾ ವಿಭಾಗ ಮರಳಿತು. 1915ರಲ್ಲಿ, ಅಂದರೆ ಸನ್ನದು ಕೈಸೇರಿ 88 ವರ್ಷಗಳ ಬಳಿಕ, ಅದರ ಅಡಿಯಲ್ಲಿ ಮೊದಲ ಬ್ಯಾಚುಲರ್ ಆಫ್ ಡಿವಿನಿಟಿ ಪದವಿಗಳನ್ನು ಪ್ರದಾನ ಮಾಡಲಾಯಿತು. 1918ರಲ್ಲಿ ಬಂಗಾಳದ ಶಾಸನಸಭೆಯ ಕಾಯ್ದೆಯೊಂದರಿಂದ ಸೆರಾಂಪುರದ ಸೆನೆಟ್ ರೂಪುಗೊಂಡು, ಬೇರೆ ಊರುಗಳ ದೈವಶಾಸ್ತ್ರ ವಿದ್ಯಾಲಯಗಳೂ ಅದರಡಿ ಸೇರುವ ದಾರಿ ತೆರೆಯಿತು. 1910ರಲ್ಲಿ ನಾನಾ ಮಿಷನ್‌ಗಳು ಕೂಡಿ ಸ್ಥಾಪಿಸಿದ ಬೆಂಗಳೂರಿನ ಕಾಲೇಜೂ, ಬಾಸೆಲ್ ಮಿಷನ್ ಪರಂಪರೆಯ ಮಂಗಳೂರಿನ ಕಾಲೇಜೂ ಆ ಪಂಕ್ತಿಗೆ ಸೇರಿದವು. ಸೆರಾಂಪುರದ ಕಟ್ಟಡದಲ್ಲಿ ಇಂದು ಭೌತಶಾಸ್ತ್ರ, ರಸಾಯನ ಶಾಸ್ತ್ರ ಕಲಿಯುವ ಹುಡುಗ ಹುಡುಗಿಯರಿಗೆ ಪದವಿ ಬರುವುದು ಕಲ್ಕತ್ತ ವಿಶ್ವವಿದ್ಯಾಲಯದಿಂದ. ಡ್ಯಾನಿಷ್ ದೊರೆಯ ಸನ್ನದಿನ ಅಧಿಕಾರ ಬಳಕೆಯಾಗುತ್ತಿರುವುದು ದೈವಶಾಸ್ತ್ರದ ಪದವಿಗಳಿಗೆ ಮಾತ್ರ.